‘ಬೇಗಂ’, ‘ರಾಣಿ’ ಮತ್ತು ನಮ್ಮ ‘ವಿಕ್ರಾಂತ್’

ವಿಮಾನ ನಗರದಲ್ಲಿ ಇರುವ ನಮಗೆ ವಿಮಾನದ ಸದ್ದು ಹೊಸದಲ್ಲ. ಫೋನಿನಲ್ಲಿ ಮಾತಾಡುವಾಗ ಊರಿನವರು ‘ಅದೇನೇ ಗುಡುಗು?’ ಎಂದು ಗಾಬರಿಯಾದರೆ, ‘ಏನಿಲ್ಲ, ಸುಖೋಯ್ ಹೋಯ್ತು’ ಎಂದು ಮಾತು ಮುಂದುವರಿಸುವಷ್ಟು ರೂಢಿಯಾಗಿದೆ. ನಮ್ಮ ಪಕ್ಕದ ಲೋಹಗಾಂವ್ ರನ್‌ವೇ ಸುಮಾರು ಎರಡೂವರೆ ಕಿಲೋಮೀಟರ್ ಉದ್ದ. ವಾಯುಪಡೆಯ ವಿಮಾನಗಳೂ ನಾವು ಬೆಂಗಳೂರಿಗೆ ಹೋಗುವ ವಿಮಾನಗಳೂ ಅದನ್ನೇ ಹಂಚಿಕೊಳ್ಳುತ್ತವೆ. ಈ ರನ್‌ವೇಯನ್ನು ಹದಿನೆಂಟು ತುಂಡು ಮಾಡಿ, ಅದರಲ್ಲಿ ಒಂದೇ ಒಂದು ತುಂಡನ್ನು ಎತ್ತಿ ಸಮುದ್ರದ ಮೇಲಿಟ್ಟರೆ ಹೇಗಿರುತ್ತದೆ, ಊಹಿಸಿಕೊಳ್ಳಿ. ಆ ತುಂಡು ಅಲೆಗಳಿಗೆ ಏಳುತ್ತದೆ, ಬೀಳುತ್ತದೆ, ಪಕ್ಕಕ್ಕೆ ವಾಲುತ್ತದೆ. ಅದರ ಮೇಲೆ ವಿಮಾನ ಇಳಿಯಬೇಕು, ಮತ್ತೆ ಹಾರಬೇಕು, ಕೆಲವೊಮ್ಮೆ ಕತ್ತಲಲ್ಲಿ ಕೂಡ.

ಎರಡನೇ ಮಹಾಯುದ್ಧದ ಕಾಲದ ಬೆಂಗಾವಲು ವಿಮಾನವಾಹಕ ನೌಕೆಗಳು ಹೀಗೇ ಇದ್ದವು. ಇತಿಹಾಸದ ಪುಸ್ತಕಗಳಲ್ಲಿ ಇವಕ್ಕೆ ಸಿಗುವುದು ಅರ್ಧ ಪುಟ. ದೊಡ್ಡ ಯುದ್ಧನೌಕೆಗಳ ಹೆಸರು ಎಲ್ಲರಿಗೂ ಗೊತ್ತು, ಈ ಸಣ್ಣವುಗಳದು ಯಾರಿಗೂ ನೆನಪಿಲ್ಲ. ನಮ್ಮ ಇ-ಸ್ಮರಣ ಸಂಚಿಕೆಗೆ ಇತಿಹಾಸದ ಬಗ್ಗೆ ಬರೆಯಬೇಕೆಂದು ವೇದಿಕೆಯ ಗೆಳತಿಯರು ಹೇಳಿದಾಗ, ನಾನು ಇವುಗಳ ಕಥೆಯನ್ನೇ ಆರಿಸಿಕೊಂಡೆ. ಇದರಲ್ಲಿ ಬೊಂಬಾಯಿ ಬರುತ್ತದೆ, ಕಾರವಾರ ಬರುತ್ತದೆ, ನಮ್ಮ ಪುಣೆಯೂ ಬರುತ್ತದೆ. ಹೆಣ್ಣುಮಕ್ಕಳಂತೂ ಮೊದಲಿನಿಂದ ಕೊನೆಯವರೆಗೂ ಇದ್ದಾರೆ.

ಸರಕು ಹಡಗಿನ ಮೇಲೊಂದು ಚಪ್ಪರ

1940ರ ಹೊತ್ತಿಗೆ ಬ್ರಿಟನ್ನಿಗೆ ಅನ್ನ, ಎಣ್ಣೆ, ಮದ್ದುಗುಂಡು ಎಲ್ಲವೂ ಅಟ್ಲಾಂಟಿಕ್ ಸಾಗರ ದಾಟಿಯೇ ಬರಬೇಕಿತ್ತು. ಸರಕು ಹಡಗುಗಳು ಹತ್ತಾರು ಒಟ್ಟಾಗಿ ಸಾಲಾಗಿ ಹೊರಡುತ್ತಿದ್ದವು. ಜರ್ಮನಿಯ ಜಲಾಂತರ್ಗಾಮಿಗಳು ಅವನ್ನು ಹೊಂಚುಹಾಕಿ ಮುಳುಗಿಸುತ್ತಿದ್ದವು. ದಡದಿಂದ ಹೊರಟ ಕಾವಲು ವಿಮಾನಗಳು ಎರಡೂ ಕಡೆಯಿಂದ ಸ್ವಲ್ಪ ದೂರ ಬಂದು ಹಿಂತಿರುಗಬೇಕಾಗಿತ್ತು. ನಡುವೆ ನೂರಾರು ಮೈಲಿ ಸಮುದ್ರಕ್ಕೆ ಆಕಾಶದ ಕಾವಲೇ ಇರಲಿಲ್ಲ. ಹೆಚ್ಚಿನ ಹಡಗುಗಳು ಮುಳುಗಿದ್ದು ಅಲ್ಲಿಯೇ.

ಆಗಿನ ಜಲಾಂತರ್ಗಾಮಿಗಳು ಹೆಚ್ಚು ಹೊತ್ತು ನೀರೊಳಗೆ ಇರಲಾಗುತ್ತಿರಲಿಲ್ಲ. ಬ್ಯಾಟರಿ ತುಂಬಿಸಲು, ವೇಗವಾಗಿ ಸಾಗಲು ಮೇಲೆ ಬರಲೇಬೇಕು. ಮೇಲೊಂದು ವಿಮಾನ ಸುತ್ತುತ್ತಿದ್ದರೆ ಸಾಕು, ಅವು ತಲೆ ಎತ್ತುತ್ತಿರಲಿಲ್ಲ. ನೀರೊಳಗೇ ಉಳಿದರೆ ವೇಗ ಕಡಿಮೆ, ಹಡಗು ಸಾಲು ತಪ್ಪಿಸಿಕೊಂಡು ಮುಂದೆ ಹೋಗಿಬಿಡುತ್ತಿತ್ತು. ಅಂದರೆ ಬೇಕಾಗಿದ್ದದ್ದು ದೊಡ್ಡ ಬಾಂಬರ್ ಅಲ್ಲ. ಹಡಗುಗಳ ಜೊತೆಗೇ ಸಾಗುವ ನಾಲ್ಕಾರು ಸಣ್ಣ ವಿಮಾನಗಳು.

ಅದಕ್ಕೆ ಕಂಡುಕೊಂಡ ಉಪಾಯ ನಮ್ಮ ಮನೆಗಳ ಉಪಾಯದಂತೆಯೇ ಇತ್ತು: ಇರುವುದನ್ನೇ ಹೊಂದಿಸಿಕೊಳ್ಳುವುದು. ಬ್ರಿಟಿಷರು ಜರ್ಮನ್ನರಿಂದ ವಶಪಡಿಸಿಕೊಂಡ ‘ಹ್ಯಾನೋವರ್’ ಎಂಬ ಸರಕು ಹಡಗಿನ ಮೇಲ್ಭಾಗ ತೆಗೆದು, ಚಪ್ಪರ ಹಾಕಿದಂತೆ ಉದ್ದದ ಡೆಕ್ ಹೊದಿಸಿದರು. ‘ಅಡಾಸಿಟಿ’ ಎಂದು ಹೆಸರಿಟ್ಟು 1941ರ ಜೂನ್‌ನಲ್ಲಿ ಸೇವೆಗೆ ಇಳಿಸಿದರು. ಅದು ಅದೇ ವರ್ಷ ಡಿಸೆಂಬರ್ 21ರಂದು ಮುಳುಗಿತು. ಆದರೆ ಆರೇ ತಿಂಗಳಲ್ಲಿ ಈ ಉಪಾಯ ನಡೆಯುತ್ತದೆ ಎಂದು ತೋರಿಸಿಕೊಟ್ಟಿತ್ತು.

ಐವತ್ತು ಹಡಗು, ಒಂದು ವರ್ಷ

ಮುಂದೆ ಇವನ್ನು ಸಾಲುಸಾಲಾಗಿ ಕಟ್ಟಿದ್ದು ಅಮೆರಿಕ. ಅಲ್ಲಿ ವಾಷಿಂಗ್ಟನ್ ರಾಜ್ಯದ ವ್ಯಾಂಕೂವರ್ ಎಂಬ ಊರಿನಲ್ಲಿ ಹೆನ್ರಿ ಕೈಸರ್ ಎಂಬ ಉದ್ಯಮಿಯ ಹಡಗುಕಟ್ಟೆ ಇತ್ತು. ಕೈಸರ್ ಅಣೆಕಟ್ಟು, ರಸ್ತೆ ಕಟ್ಟಿದವರು. ಹಡಗಿನ ವಂಶಪಾರಂಪರ್ಯ ಅವರಿಗಿರಲಿಲ್ಲ. ಭಾಗಗಳನ್ನು ಬೇರೆ ಬೇರೆ ತಯಾರಿಸಿ, ಕ್ರೇನಿನಿಂದ ತಂದು ಬೆಸುಗೆ ಹಾಕುವ ವಿಧಾನ ಅವರದು. 1943ರ ಏಪ್ರಿಲ್ 5ರಂದು ಮೊದಲ ನೌಕೆಯನ್ನು ನೀರಿಗಿಳಿಸಿದವರು ಅಮೆರಿಕದ ಅಧ್ಯಕ್ಷರ ಪತ್ನಿ ಎಲೀನರ್ ರೂಸ್‌ವೆಲ್ಟ್. ಆ ನೌಕೆ ‘ಕಾಸಾಬ್ಲಾಂಕಾ’ ಎಂಬ ಹೆಸರಿನಲ್ಲಿ ಜುಲೈ 8ರಂದು ಸೇವೆಗೆ ಸೇರಿತು. ಸರಿಯಾಗಿ ಒಂದು ವರ್ಷದಲ್ಲಿ, 1944ರ ಜುಲೈ 8ಕ್ಕೆ, ಅದೇ ವರ್ಗದ ಐವತ್ತನೇ ನೌಕೆಯೂ ಸೇವೆಗೆ ಸೇರಿತು.

ಇಷ್ಟನ್ನು ಕಟ್ಟಲು ಕೈ ಎಲ್ಲಿಂದ ಬಂತು? ಗಂಡಸರು ಯುದ್ಧಕ್ಕೆ ಹೋಗಿದ್ದರು. ಬೆಸುಗೆ ಹಾಕಲು, ವೈರಿಂಗ್ ಮಾಡಲು, ಕ್ರೇನ್ ಓಡಿಸಲು ಸಾವಿರಾರು ಹೆಂಗಸರು ಬಂದರು. ಮೊನ್ನೆಯವರೆಗೆ ಅಂಗಡಿಯಲ್ಲಿ, ಹೊಲದಲ್ಲಿ, ಮನೆಯಲ್ಲಿ ಇದ್ದವರು ಕೆಲವೇ ವಾರಗಳ ತರಬೇತಿ ಪಡೆದು ಉಕ್ಕಿನ ಕೆಲಸಕ್ಕೆ ನಿಂತರು. ಹಾಗಾದರೆ ಮಕ್ಕಳನ್ನು ನೋಡಿಕೊಳ್ಳುವವರು ಯಾರು? ಹತ್ತಿರದ ಪೋರ್ಟ್‌ಲ್ಯಾಂಡ್‌ನಲ್ಲಿದ್ದ ಕೈಸರ್ ಹಡಗುಕಟ್ಟೆಗಳ ಬಾಗಿಲಲ್ಲೇ 1943ರ ಕೊನೆಯಲ್ಲಿ ಶಿಶುಪಾಲನಾ ಕೇಂದ್ರಗಳು ಶುರುವಾದವು. ದಿನದ ಇಪ್ಪತ್ನಾಲ್ಕು ಗಂಟೆಯೂ ಅವು ತೆರೆದಿರುತ್ತಿದ್ದವು, ಏಕೆಂದರೆ ಅಮ್ಮಂದಿರು ರಾತ್ರಿ ಪಾಳಿಯಲ್ಲೂ ದುಡಿಯುತ್ತಿದ್ದರು. ಕೆಲಸ ಮುಗಿಸಿ ಮಗುವನ್ನು ಕರೆದುಕೊಂಡು ಹೋಗುವಾಗ, ಮನೆಗೆ ಒಯ್ಯಲು ಬೇಯಿಸಿದ ಊಟದ ಪೊಟ್ಟಣವನ್ನೂ ಕೊಂಡೊಯ್ಯುವ ಏರ್ಪಾಡಿತ್ತು. ಎಂಬತ್ತು ವರ್ಷಗಳ ನಂತರವೂ ಖರಾಡಿಯ ಐಟಿ ಕಚೇರಿಗಳಲ್ಲಿ ದುಡಿಯುವ ನಮ್ಮ ಎಷ್ಟೋ ಸೊಸೆಯಂದಿರು, ಮಗಳಂದಿರು ಇಂಥ ಏರ್ಪಾಡಿಗಾಗಿ ಹುಡುಕಾಡುತ್ತಿರುವುದು ನಮಗೆ ಗೊತ್ತೇ ಇದೆ. ಯುದ್ಧ ಮುಗಿದ ಕೂಡಲೇ ಅಮೆರಿಕದಲ್ಲೂ ಆ ಕೇಂದ್ರಗಳನ್ನು ಮುಚ್ಚಿದರು. ಹೆಂಗಸರ ಕೆಲಸವೂ ಅಲ್ಲಿಗೆ ಮುಗಿಯಿತು.

ನಮ್ಮ ಸಮುದ್ರಕ್ಕೆ ಬಂದ ರಾಣಿ, ಬೇಗಂ

ಅದೇ ರಾಜ್ಯದ ಟಕೋಮಾ ಬಂದರಿನಲ್ಲಿ ಬ್ರಿಟಿಷ್ ನೌಕಾಪಡೆಗಾಗಿ ಇಂಥವೇ ಇಪ್ಪತ್ತಕ್ಕೂ ಹೆಚ್ಚು ನೌಕೆಗಳು ತಯಾರಾದವು. ಇವು ಎರವಲು, ಯುದ್ಧ ಮುಗಿದ ಮೇಲೆ ಹಿಂತಿರುಗಿಸಬೇಕೆಂಬ ಕರಾರು. ಬ್ರಿಟಿಷರು ಅವಕ್ಕೆ ಆಳುವವರ ಬಿರುದುಗಳನ್ನೇ ಹೆಸರಾಗಿ ಇಟ್ಟರು. ಹಾಗಾಗಿ ಅಮೆರಿಕದಲ್ಲಿ ಕಟ್ಟಿದ, ಬ್ರಿಟಿಷ್ ಬಾವುಟದ ಹಡಗುಗಳಿಗೆ ‘ಬೇಗಂ’, ‘ರಾಣಿ’, ‘ರಾಜಾ’, ‘ಶಾ’, ‘ಅಮೀರ್’, ‘ನವಾಬ್’ ಎಂಬ ಹೆಸರುಗಳು ಬಂದವು! ಇವುಗಳ ಉದ್ದ ಸುಮಾರು 150 ಮೀಟರ್, ವೇಗ 18 ನಾಟ್, ಅಂದರೆ ಗಂಟೆಗೆ ಸುಮಾರು 33 ಕಿಲೋಮೀಟರ್. ವಿಮಾನ ನಗರದ ಫಿನಿಕ್ಸ್ ಮಾಲ್ ಚೌಕದಲ್ಲಿ ಸಂಜೆ ಸಿಕ್ಕಿಹಾಕಿಕೊಳ್ಳದಿದ್ದರೆ ನಮ್ಮ ಸ್ಕೂಟಿಯೂ ಅದಕ್ಕಿಂತ ಜೋರಾಗಿ ಹೋಗುತ್ತದೆ.

ಇಂಥ ಪುಟ್ಟ ಡೆಕ್ಕಿನ ಮೇಲೆ ಇಳಿಯುವುದು ಹೇಗೆ? ವಿಮಾನದ ಬಾಲದಲ್ಲಿ ಒಂದು ಕೊಕ್ಕೆ ಇರುತ್ತದೆ. ಡೆಕ್ಕಿಗೆ ಅಡ್ಡಲಾಗಿ ಉಕ್ಕಿನ ಹಗ್ಗಗಳನ್ನು ಕಟ್ಟಿರುತ್ತಾರೆ. ಕೊಕ್ಕೆ ಹಗ್ಗಕ್ಕೆ ಸಿಕ್ಕರೆ ವಿಮಾನ ನಿಲ್ಲುತ್ತದೆ. ಸಿಗದಿದ್ದರೆ ಮುಂದೆ ಎತ್ತಿ ಕಟ್ಟಿದ ತಡೆಗೆ ಬಡಿಯಬೇಕು. ಹಾರುವಾಗ ಹಡಗನ್ನು ಗಾಳಿಗೆ ಎದುರಾಗಿ ತಿರುಗಿಸುತ್ತಾರೆ. ಗಾಳಿಯ ವೇಗ, ಹಡಗಿನ ವೇಗ ಎರಡೂ ಸೇರಿ ರೆಕ್ಕೆಗೆ ಎತ್ತುವ ಬಲ ಕೊಡುತ್ತವೆ. ಗಾಳಿ ಬಿದ್ದುಹೋದ ದಿನ ನಿಧಾನದ ಹಡಗಿಗೆ ತುಂಬ ಕಷ್ಟ. ಈ ಮಾತನ್ನು ನೆನಪಿಡಿ, ಮುಂದೆ ವಿಕ್ರಾಂತ್ ಕಥೆಯಲ್ಲಿ ಬೇಕಾಗುತ್ತದೆ.

1943ರಲ್ಲಿ ಜರ್ಮನ್ ಜಲಾಂತರ್ಗಾಮಿಗಳು ಹಿಂದೂ ಮಹಾಸಾಗರಕ್ಕೂ ಬಂದಿದ್ದವು. ಏಡನ್‌ನಿಂದ ಬೊಂಬಾಯಿಗೆ ಬರುವ ಹಡಗು ಸಾಲುಗಳಿಗೆ ‘ಬ್ಯಾಟ್ಲರ್’ ಎಂಬ ಬೆಂಗಾವಲು ನೌಕೆ ಜೊತೆಯಾಯಿತು. 1944ರ ಮಾರ್ಚ್ 12ರಂದು ಮಾರಿಷಸ್‌ನ ಆಗ್ನೇಯಕ್ಕೆ, ಜಲಾಂತರ್ಗಾಮಿಗಳಿಗೆ ಎಣ್ಣೆ ತುಂಬಿಸುತ್ತಿದ್ದ ‘ಬ್ರಾಕೆ’ ಎಂಬ ಜರ್ಮನ್ ಟ್ಯಾಂಕರನ್ನು ಪತ್ತೆ ಹಚ್ಚಿದ್ದು ಇದರ ವಿಮಾನಗಳೇ. ಟ್ಯಾಂಕರ್ ಮುಳುಗಿತು. ಎಣ್ಣೆಯಿಲ್ಲದ ಜಲಾಂತರ್ಗಾಮಿಗಳು ಎಷ್ಟು ದಿನ ಹೊಂಚು ಹಾಕಲು ಸಾಧ್ಯ?

ಅದೇ ವರ್ಷ ಆಗಸ್ಟ್‌ನಲ್ಲಿ ‘ಬೇಗಂ’ ಮತ್ತು ‘ಶಾ’ ಜೊತೆಯಾಗಿ ಸೇಶೆಲ್ಸ್ ದ್ವೀಪಗಳ ಬಳಿ ‘ಯು-198’ ಎಂಬ ಜಲಾಂತರ್ಗಾಮಿಯ ಬೆನ್ನು ಹತ್ತಿದವು. ಇವುಗಳ ವಿಮಾನಗಳು ಮೇಲಿಂದ ಹುಡುಕಿ ಹಿಂಬಾಲಿಸಿದವು. ಆಗಸ್ಟ್ 12ರಂದು ಅದನ್ನು ಮುಳುಗಿಸಿದ್ದು ಎರಡು ಸಣ್ಣ ಯುದ್ಧನೌಕೆಗಳು: ಬ್ರಿಟಿಷರ ‘ಫಿಂಡ್‌ಹಾರ್ನ್’ ಮತ್ತು ರಾಯಲ್ ಇಂಡಿಯನ್ ನೇವಿಯ ‘ಗೋದಾವರಿ’. ಹೌದು, ನಮ್ಮವರೇ ಇದ್ದ ‘ಗೋದಾವರಿ’. ಜಲಾಂತರ್ಗಾಮಿಯಲ್ಲಿದ್ದ ಒಬ್ಬರೂ ಬದುಕಲಿಲ್ಲ. ಗೆಲುವಿನ ಲೆಕ್ಕ ಬರೆಯುವಾಗ ಇದನ್ನೂ ಬರೆಯಬೇಕು.

1945ರಲ್ಲಿ ‘ಅಮೀರ್’ ಬರ್ಮಾ ತೀರದ ರಾಮ್ರಿ ದ್ವೀಪದಲ್ಲಿ ಸೈನ್ಯ ಇಳಿಯುವಾಗ ಆಕಾಶದ ಕಾವಲು ಕಾಯಿತು. ಮೇ ತಿಂಗಳಲ್ಲಿ ರಂಗೂನಿಗೆ ಸೈನ್ಯ ಹೊರಟಾಗ ಇಂಥವೇ ನಾಲ್ಕು ನೌಕೆಗಳು ಜೊತೆಗಿದ್ದವು. ಇದೇ ವರ್ಷಗಳಲ್ಲಿ ನಮ್ಮ ಹೆಣ್ಣುಮಕ್ಕಳೂ ನೌಕಾಪಡೆಯ ಸಮವಸ್ತ್ರ ತೊಟ್ಟಿದ್ದರು. ರಾಯಲ್ ಇಂಡಿಯನ್ ನೇವಿಗೆ ಮಹಿಳೆಯರ ಒಂದು ಸೇವಾ ವಿಭಾಗವಿತ್ತು. ಅದರ ಅಧಿಕಾರಿ ಕಲ್ಯಾಣಿ ಸೇನ್ 1945ರಲ್ಲಿ ಬ್ರಿಟನ್ನಿಗೆ ಭೇಟಿ ಕೊಟ್ಟರು. ಸೀರೆಯನ್ನೇ ಸಮವಸ್ತ್ರವಾಗಿ ಉಟ್ಟ ಅವರ ಆ ಪ್ರವಾಸದ ಚಿತ್ರಗಳು ಇಂದಿಗೂ ನೋಡಸಿಗುತ್ತವೆ.

ನಾವಿಕರ ಕಹಿ ತಮಾಷೆ

ಈ ನೌಕೆಗಳಿಗೆ ಅಮೆರಿಕದವರ ಅಧಿಕೃತ ಸಂಕೇತ ‘ಸಿವಿಇ’. ಆ ಮೂರು ಅಕ್ಷರಗಳಿಗೆ ನಾವಿಕರು ತಮ್ಮದೇ ಅರ್ಥ ಕಟ್ಟಿದ್ದರು: ಬೇಗ ಹೊತ್ತಿಕೊಳ್ಳುವುದು, ಸುಲಭವಾಗಿ ಪೆಟ್ಟು ತಿನ್ನುವುದು, ಕಳೆದುಕೊಂಡರೂ ಪರವಾಗಿಲ್ಲದ್ದು! ತೆಳು ಉಕ್ಕು, ಒಳಗೆಲ್ಲ ವಿಮಾನದ ಪೆಟ್ರೋಲು ಮತ್ತು ಬಾಂಬು. 1943ರ ನವೆಂಬರ್ 24ರಂದು ಪೆಸಿಫಿಕ್ ಸಾಗರದಲ್ಲಿ ‘ಲಿಸ್ಕಂ ಬೇ’ ಎಂಬ ನೌಕೆಗೆ ಟಾರ್ಪಿಡೊ ಬಡಿದಾಗ 640ಕ್ಕೂ ಹೆಚ್ಚು ಜನ ಸತ್ತರು. ಇಂಥ ಸಾವು ಪಕ್ಕದಲ್ಲೇ ಇದೆ ಎಂದು ಗೊತ್ತಿದ್ದೂ ಅವರು ದಿನದಿನವೂ ಹಾರಿದರು, ಇಳಿದರು.

ನನಗೆ ಈ ಕಥೆಯಲ್ಲಿ ಹಿಡಿಸಿದ್ದು ಇದೇ. ಬೆಂಗಾವಲಿನ ಕೆಲಸದಲ್ಲಿ ಏನೂ ಆಗದ ದಿನವೇ ಯಶಸ್ಸಿನ ದಿನ. ಹಡಗುಗಳು ಹೊರಟವು, ತಲುಪಿದವು. ಪತ್ರಿಕೆಗೆ ಸುದ್ದಿಯಿಲ್ಲ, ಎದೆಗೆ ಪದಕವಿಲ್ಲ. ಮಗು ಬೀಳದಂತೆ ನೋಡಿಕೊಂಡ ದಿನವನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ಬಿದ್ದ ದಿನವನ್ನು ಮಾತ್ರ ಎಲ್ಲರೂ ನೆನಪಿಡುತ್ತಾರೆ. ಇದು ನಮಗೆ ಹೇಳಿಕೊಡಬೇಕಾದ ಸಂಗತಿಯೇನಲ್ಲ.

ಯುದ್ಧ ಮುಗಿದ ಮೇಲೆ

1945ರ ನಂತರ ಕರಾರಿನಂತೆ ‘ರಾಣಿ’, ‘ಬೇಗಂ’ಗಳು ಅಮೆರಿಕಕ್ಕೆ ಮರಳಿದವು. ಹಲವು ನೌಕೆಗಳ ಡೆಕ್ ಕಿತ್ತು ಮತ್ತೆ ಸರಕು ಹಡಗು ಮಾಡಿದರು. ‘ಅಟ್ಯಾಕರ್’ ಎಂಬುದು ‘ಫೇರ್‌ಸ್ಕೈ’ ಎಂಬ ಪ್ರಯಾಣಿಕರ ಹಡಗಾಗಿ ಬ್ರಿಟನ್ನಿನಿಂದ ಆಸ್ಟ್ರೇಲಿಯಾಕ್ಕೆ ವಲಸೆ ಹೋಗುವ ಕುಟುಂಬಗಳನ್ನು ವರ್ಷಗಟ್ಟಲೆ ಸಾಗಿಸಿತು.

‘ಶಾ’ ನೌಕೆಯದು ಇನ್ನೂ ಸೊಗಸಾದ ಕಥೆ. ಅದು ಅರ್ಜೆಂಟೀನಾ ಸೇರಿ ‘ಸಾಲ್ಟಾ’ ಎಂಬ ಪ್ರಯಾಣಿಕರ ಹಡಗಾಯಿತು. 1963ರ ಡಿಸೆಂಬರ್‌ನಲ್ಲಿ, ಕ್ರಿಸ್‌ಮಸ್‌ಗೆ ಎರಡು ಮೂರು ದಿನ ಮುಂಚೆ, ಅಟ್ಲಾಂಟಿಕ್‌ನ ಮದೀರಾ ದ್ವೀಪದ ಬಳಿ ‘ಲಕೋನಿಯಾ’ ಎಂಬ ಗ್ರೀಕ್ ವಿಹಾರ ಹಡಗಿಗೆ ರಾತ್ರಿ ಬೆಂಕಿ ಬಿತ್ತು. ಅದರಲ್ಲಿ ಸಾವಿರಕ್ಕೂ ಹೆಚ್ಚು ಜನರಿದ್ದರು. ಕರೆ ಕೇಳಿ ಮೊದಲು ಅಲ್ಲಿಗೆ ತಲುಪಿದ್ದು ‘ಸಾಲ್ಟಾ’. ನಾನೂರಕ್ಕೂ ಹೆಚ್ಚು ಜನರನ್ನು ನೀರಿನಿಂದ, ದೋಣಿಗಳಿಂದ ಮೇಲೆತ್ತಿ ಉಳಿಸಿತು. ಹಿಂದೂ ಮಹಾಸಾಗರದಲ್ಲಿ ಒಂದು ಜಲಾಂತರ್ಗಾಮಿಯ ಬೇಟೆಗೆ ಜೊತೆಯಾಗಿದ್ದ ಹಡಗು ಹತ್ತೊಂಬತ್ತು ವರ್ಷಗಳ ನಂತರ ಅಷ್ಟು ಜೀವಗಳನ್ನು ಕಾಪಾಡಿತು.

ಮೂರು ವರ್ಷಕ್ಕೆ ಕಟ್ಟಿದ್ದು, ಮೂವತ್ತಾರು ವರ್ಷ ದುಡಿದದ್ದು

ಈಗ ನಮ್ಮ ವಿಕ್ರಾಂತ್. ಇದು ಬೆಂಗಾವಲು ನೌಕೆಯಲ್ಲ, ಅದರ ದೊಡ್ಡಕ್ಕ. 213 ಮೀಟರ್ ಉದ್ದದ, ಹಗುರ ವರ್ಗದ ವಿಮಾನವಾಹಕ. ಆದರೆ ಹುಟ್ಟಿದ್ದು ಅದೇ ಅವಸರದಲ್ಲಿ. 1942ರಲ್ಲಿ ಬ್ರಿಟಿಷರು, ಬೇಗ ಕಟ್ಟಲು ಬರುವಂಥ, ಸರಕು ಹಡಗಿನ ಕಟ್ಟೆಗಳಲ್ಲೂ ತಯಾರಾಗಬಲ್ಲ ಸಾದಾ ನೌಕೆಯ ನಕ್ಷೆ ಮಾಡಿದರು. ಯುದ್ಧ ಮುಗಿಯುವವರೆಗೆ ಅಥವಾ ಮೂರು ವರ್ಷ ಬಾಳಿದರೆ ಸಾಕು ಎಂಬುದು ಅವರ ಲೆಕ್ಕ. ಅಂಥ ಒಂದು ನೌಕೆ ‘ಹರ್ಕ್ಯುಲಿಸ್’ 1945ರ ಸೆಪ್ಟೆಂಬರ್ 22ರಂದು ನೀರಿಗಿಳಿಯಿತು. ಅಷ್ಟರಲ್ಲಿ ಯುದ್ಧವೇ ಮುಗಿದಿತ್ತು. ಅರೆಬರೆ ಸ್ಥಿತಿಯಲ್ಲಿ ಹತ್ತು ವರ್ಷ ಹಾಗೇ ನಿಂತಿತ್ತು.

1957ರ ಜನವರಿಯಲ್ಲಿ ಭಾರತ ಅದನ್ನು ಕೊಂಡಿತು. ಬೆಲ್‌ಫಾಸ್ಟ್‌ನಲ್ಲಿ ಓರೆ ಡೆಕ್, ವಿಮಾನವನ್ನು ಕವಣೆಯಂತೆ ಎಸೆಯುವ ಉಗಿಯಂತ್ರ ಎಲ್ಲ ಹಾಕಿಸಿ ಹೊಸದಾಗಿಸಿದರು. 1961ರ ಮಾರ್ಚ್ 4ರಂದು ಅದನ್ನು ‘ವಿಕ್ರಾಂತ್’ ಎಂದು ಸೇವೆಗೆ ಸೇರಿಸಿದವರು ಬ್ರಿಟನ್ನಿನಲ್ಲಿ ನಮ್ಮ ಹೈಕಮಿಷನರ್ ಆಗಿದ್ದ ವಿಜಯಲಕ್ಷ್ಮಿ ಪಂಡಿತ್. ಮೊದಲ ಕ್ಯಾಪ್ಟನ್ ಪ್ರೀತಂ ಸಿಂಗ್ ಮಹೀಂದ್ರೂ. ಮೇ 18ರಂದು ಅದರ ಡೆಕ್ ಮೇಲೆ ಮೊದಲ ಜೆಟ್ ಇಳಿಸಿದ ಲೆಫ್ಟಿನೆಂಟ್ ಆರ್.ಎಚ್. ತಹಿಲಿಯಾನಿ ಮುಂದೆ ನೌಕಾಪಡೆಯ ಮುಖ್ಯಸ್ಥರಾದರು. ನವೆಂಬರ್ 3ರಂದು ಬೊಂಬಾಯಿಯಲ್ಲಿ ನೆಹರೂ ಅದನ್ನು ಬರಮಾಡಿಕೊಂಡರು.

ಬಂದು ಆರೇ ವಾರದಲ್ಲಿ ಗೋವಾ ವಿಮೋಚನೆ. ಕಾರವಾರದ ಎದುರಿಗಿರುವ ಅಂಜದೀವ್ ದ್ವೀಪದ ಮೇಲೆ ಡಿಸೆಂಬರ್ 18ರಂದು ‘ತ್ರಿಶೂಲ್’ ಮತ್ತು ನಮ್ಮ ನಾಡಿನ ಹೆಸರು ಹೊತ್ತ ‘ಮೈಸೂರ್’ ನೌಕೆಗಳಿಂದ ನಾವಿಕರು ಇಳಿದರು. ಏಳು ಜನ ಪ್ರಾಣ ಕೊಟ್ಟರು. ವಿಕ್ರಾಂತ್ ದೂರದಲ್ಲಿ, ಹೊರಗಿನವರು ಯಾರೂ ನಡುವೆ ಬರದಂತೆ ಕಾವಲು ನಿಂತಿತ್ತು. ಒಂದು ಗುಂಡನ್ನೂ ಹಾರಿಸಲಿಲ್ಲ. ಮತ್ತೆ ಅದೇ ಬೆಂಗಾವಲಿನ ಕೆಲಸ! 1965ರ ಯುದ್ಧದಲ್ಲಂತೂ ವಿಕ್ರಾಂತ್ ರಿಪೇರಿಗೆಂದು ಡಾಕ್‌ನಲ್ಲಿತ್ತು. ಪಾಕಿಸ್ತಾನ ಮಾತ್ರ ಅದನ್ನು ಮುಳುಗಿಸಿದ್ದೇವೆ ಎಂದು ಸಾರಿತು.

1971ರಲ್ಲಿ ಪರೀಕ್ಷೆಯ ಕಾಲ ಬಂತು. ಆ ಹೊತ್ತಿಗೆ ಅದರ ನಾಲ್ಕು ಬಾಯ್ಲರ್‌ಗಳಲ್ಲಿ ಒಂದು ಬಿರುಕು ಬಿಟ್ಟಿತ್ತು. ವೇಗ ಸುಮಾರು 16 ನಾಟ್‌ಗೆ ಇಳಿಯಿತು. ಗೆಳತಿಯರೇ, ‘ಬೇಗಂ’ ನೌಕೆಯ ವೇಗ 18 ಎಂದಿದ್ದೆ. ಅಂದರೆ ನಮ್ಮ ದೇಶದ ಹೆಮ್ಮೆಯ ನೌಕೆ ತನ್ನ ಅತಿ ದೊಡ್ಡ ಯುದ್ಧವನ್ನು ಆ ಪುಟ್ಟ ಬೆಂಗಾವಲು ನೌಕೆಗಿಂತಲೂ ನಿಧಾನವಾಗಿ ಸಾಗುತ್ತ ಮಾಡಬೇಕಾಯಿತು. ಗಾಳಿ ಬೀಸಿದರೆ ಸರಿ, ಬೀಸದಿದ್ದರೆ ಹಾರಾಟವೇ ಕಷ್ಟ. ಇಂಥ ಹಡಗನ್ನು ಯುದ್ಧಕ್ಕೆ ಕಳಿಸಬೇಕೆ ಎಂಬ ಚರ್ಚೆ ನಡೆಯಿತು. ಕೊನೆಗೆ ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ನಾಯಕತ್ವದಲ್ಲಿ ಅದು ಬಂಗಾಳ ಕೊಲ್ಲಿಗೆ ಹೊರಟಿತು.

ವಿಕ್ರಾಂತ್ ಅನ್ನು ಬೇಟೆಯಾಡಲೆಂದೇ ಪಾಕಿಸ್ತಾನ ‘ಘಾಜಿ’ ಎಂಬ ಜಲಾಂತರ್ಗಾಮಿಯನ್ನು ಕಳಿಸಿತು. ಪೂರ್ವ ನೌಕಾಪಡೆಯ ಮುಖ್ಯಸ್ಥ ವೈಸ್ ಅಡ್ಮಿರಲ್ ಎನ್. ಕೃಷ್ಣನ್ ನೌಕೆಯನ್ನು ಅಂಡಮಾನ್ ಕಡೆ ಬಚ್ಚಿಟ್ಟು, ಅದು ವಿಶಾಖಪಟ್ಟಣದ ಬಳಿಯೇ ಇದೆ ಎಂದು ನಂಬಿಸಿದರು. ಹಳೆಯ ‘ರಜಪೂತ್’ ನೌಕೆಯಿಂದ ವಿಕ್ರಾಂತ್ ಹೆಸರಿನಲ್ಲಿ ರೇಡಿಯೊ ಸಂದೇಶ ಕಳಿಸಿದರು. ದೊಡ್ಡ ಹಡಗಿಗೆ ಬೇಕಾಗುವಷ್ಟು ತರಕಾರಿ, ಮಾಂಸ, ದಿನಸಿಗೆ ಊರಿನ ಗುತ್ತಿಗೆದಾರರಿಗೆ ಹೇಳಿಸಿ, ಸುದ್ದಿ ಹರಡುವಂತೆ ಮಾಡಿದರು. ಮನೆಗೆ ನೆಂಟರು ಬಂದಿದ್ದಾರೆಂದು ತರಕಾರಿ ಅಂಗಡಿಯವನಿಗೆ ಮೊದಲು ಗೊತ್ತಾಗುವುದಿಲ್ಲವೇ, ಹಾಗೆ! ಡಿಸೆಂಬರ್ 3ರ ನಡುರಾತ್ರಿಯ ಆಸುಪಾಸಿನಲ್ಲಿ ‘ಘಾಜಿ’ ವಿಶಾಖಪಟ್ಟಣದ ಹೊರಗೆ ಮುಳುಗಿತು. ಮುಳುಗಿದ ಕಾರಣವನ್ನು ಎರಡು ದೇಶಗಳೂ ಬೇರೆ ಬೇರೆಯಾಗಿ ಹೇಳುತ್ತವೆ.

ಡಿಸೆಂಬರ್ 4ರಂದು ವಿಕ್ರಾಂತ್‌ನಿಂದ ಹಾರಿದ ಸೀ ಹಾಕ್ ಜೆಟ್‌ಗಳು ಕಾಕ್ಸ್ ಬಜಾರ್ ಮತ್ತು ಚಿತ್ತಗಾಂಗ್ ಮೇಲೆ ದಾಳಿ ಮಾಡಿದವು. ಆ ತಂಡದ ನಾಯಕ ಲೆಫ್ಟಿನೆಂಟ್ ಕಮಾಂಡರ್ ಎಸ್.ಕೆ. ಗುಪ್ತಾ ಅವರಿಗೆ ಮಹಾವೀರ ಚಕ್ರ ಬಂತು. ಫ್ರಾನ್ಸ್‌ನ ಅಲೀಜೆ ವಿಮಾನಗಳು ರಾತ್ರಿ ಹೊತ್ತೂ ಹಾರಿದವು. ಸಮುದ್ರದ ದಾರಿ ಮುಚ್ಚಿತು. ಡಿಸೆಂಬರ್ 16ರಂದು ಢಾಕಾದಲ್ಲಿ ಶರಣಾಗತಿ.

ಪೈಲಟ್‌ಗಳ ಹೆಸರು ಇತಿಹಾಸದಲ್ಲಿ ಉಳಿಯಿತು. ಬಿರುಕು ಬಿಟ್ಟ ಬಾಯ್ಲರಿನ ಪಕ್ಕದಲ್ಲಿ, ಬೆವರಿಳಿಯುವ ಎಂಜಿನ್ ಕೋಣೆಯಲ್ಲಿ ಹಗಲುರಾತ್ರಿ ನಿಂತವರ ಹೆಸರು ಎಷ್ಟು ಜನಕ್ಕೆ ಗೊತ್ತು? ನೌಕಾಪಡೆಯ ಎಂಜಿನ್ ವಿದ್ಯೆ ಕಲಿಸುವ ‘ಐಎನ್‌ಎಸ್ ಶಿವಾಜಿ’ ಇರುವುದು ನಮ್ಮ ಪುಣೆ ಜಿಲ್ಲೆಯ ಲೋನಾವಳದಲ್ಲಿ, 1945ರಿಂದ. ಸಮುದ್ರವೇ ಕಾಣದ ಘಟ್ಟದ ಮೇಲೆ ಹಡಗಿನ ಹೊಟ್ಟೆ ಕಾಯುವ ವಿದ್ಯೆ! ಮಳೆಗಾಲದಲ್ಲಿ ಚಿಕ್ಕಿ ಕೊಳ್ಳಲು ಅಲ್ಲಿ ನಿಲ್ಲುವ ನಾವು ಒಮ್ಮೆ ಇದನ್ನು ನೆನೆಯಬಹುದು.

ಉಳಿಸಿಕೊಳ್ಳಲಾಗದ ನೌಕೆ

1997ರ ಜನವರಿ 31ರಂದು ವಿಕ್ರಾಂತ್ ನಿವೃತ್ತಿಯಾಯಿತು. ಮೂರು ವರ್ಷಕ್ಕೆಂದು ನಕ್ಷೆ ಮಾಡಿದ್ದು ಮೂವತ್ತಾರು ವರ್ಷ ದುಡಿದಿತ್ತು. ಆಮೇಲೆ ಕೆಲವು ವರ್ಷ ಮುಂಬೈಯಲ್ಲಿ ವಸ್ತುಸಂಗ್ರಹಾಲಯವಾಗಿತ್ತು. ನಾನೂ ಆಗ ಅದರ ಡೆಕ್ ಮೇಲೆ ನಡೆದಿದ್ದೇನೆ. ಒಂದು ತುದಿಯಿಂದ ಇನ್ನೊಂದು ತುದಿಗೆ ನಡೆಯಲು ಎರಡು ಮೂರು ನಿಮಿಷ, ಅಷ್ಟೇ. ಇಷ್ಟರಲ್ಲಿ ವಿಮಾನ ಇಳಿಯುತ್ತಿತ್ತೇ ಎಂದು ಬೆರಗಾಗಿತ್ತು. 2012ರಲ್ಲಿ ಸುರಕ್ಷಿತವಲ್ಲವೆಂದು ಅದನ್ನು ಮುಚ್ಚಿದರು. ನೋಡಿಕೊಳ್ಳುವ ಖರ್ಚು ಹೊರುವವರು ಸಿಗಲಿಲ್ಲ. ಉಳಿಸಿಕೊಳ್ಳಿ ಎಂದವರು ಸುಪ್ರೀಂ ಕೋರ್ಟ್‌ವರೆಗೂ ಹೋಗಿ ಸೋತರು. 2014ರ ಕೊನೆಯಲ್ಲಿ ಒಡೆಯುವ ಕೆಲಸ ಶುರುವಾಯಿತು. ಎರಡನೇ ಮಹಾಯುದ್ಧದ ಕಾಲದಲ್ಲಿ ಕಟ್ಟಿದ ನೂರಕ್ಕೂ ಹೆಚ್ಚು ಬೆಂಗಾವಲು ನೌಕೆಗಳಲ್ಲಿ ಇಂದು ಒಂದೂ ಉಳಿದಿಲ್ಲ. ನಮ್ಮದೂ ಅವುಗಳ ದಾರಿಯನ್ನೇ ಹಿಡಿಯಿತು.

ಅದರ ಉಕ್ಕಿನಲ್ಲಿ ಒಂದಷ್ಟನ್ನು ಕೊಂಡದ್ದು ನಮ್ಮ ಆಕುರ್ಡಿಯ ಬಜಾಜ್ ಆಟೋ. 2016ರಲ್ಲಿ ಆ ಲೋಹ ಬೆರೆಸಿದ ಪೆಟ್ರೋಲ್ ಟ್ಯಾಂಕ್ ಇರುವ ‘ವಿ’ ಎಂಬ ಬೈಕು ಬಂತು. ಅಂಥ ಬೈಕು ನಮ್ಮ ರಸ್ತೆಗಳಲ್ಲಿ ಈಗಲೂ ಕಾಣುತ್ತದೆ. ಕೆಲವರಿಗೆ ಇದು ವ್ಯಾಪಾರದ ಜಾಣತನ ಎನಿಸಿತು. ನನಗೆ ಖುಷಿಯೂ ಆಯಿತು, ಸಂಕಟವೂ ಆಯಿತು. ಅಜ್ಜಿಯ ಒಡವೆ ಕರಗಿಸಿ ಮೊಮ್ಮಗಳಿಗೆ ಉಂಗುರ ಮಾಡಿಸಿದಾಗ ಆಗುತ್ತದಲ್ಲ, ಹಾಗೆ. ಚಿನ್ನ ಉಳಿಯಿತು, ಅಜ್ಜಿಯ ಕೈಯ ಬಳೆ ಉಳಿಯಲಿಲ್ಲ. ಹಡಗು ಇದ್ದಿದ್ದರೆ ಮಕ್ಕಳನ್ನು ಆ ಬಾಯ್ಲರ್ ಕೋಣೆಗೆ ಕರೆದೊಯ್ದು ತೋರಿಸಬಹುದಿತ್ತು. ಈಗ ಬಾಯಿಮಾತಿನಲ್ಲಿ ಹೇಳಬೇಕು.

2022ರ ಸೆಪ್ಟೆಂಬರ್ 2ರಂದು ಕೊಚ್ಚಿಯಲ್ಲಿ, ನಾವೇ ಕಟ್ಟಿದ ಹೊಸ ‘ವಿಕ್ರಾಂತ್’ ಸೇವೆಗೆ ಸೇರಿತು. ಹಳೆಯದರ ಗುರುತಿನ ಸಂಖ್ಯೆ ಆರ್-11 ಅದಕ್ಕೂ ಇದೆ. ಮಹಿಳಾ ಅಧಿಕಾರಿಗಳಿಗೆ, ನಾವಿಕರಿಗೆಂದೇ ಅದರಲ್ಲಿ ಕ್ಯಾಬಿನ್‌ಗಳಿವೆ. ಅದೇ ವರ್ಷ ನಮ್ಮ ಖಡಕ್‌ವಾಸ್ಲಾದ ಎನ್‌ಡಿಎಗೆ ಮೊದಲ ಬಾರಿಗೆ ಹುಡುಗಿಯರು ಸೇರಿದರು. ಹಡಗಿಗೆ ಬೆಸುಗೆ ಹಾಕಿ ಮನೆಗೆ ಮರಳಿದ ಆ ಹೆಂಗಸರ ಕಾಲದಿಂದ ಇಲ್ಲಿಯವರೆಗೆ ಎಂಟು ದಶಕ ಹಿಡಿಯಿತು.

ವಿಮಾನವಾಹಕ ‘ವಿಕ್ರಮಾದಿತ್ಯ’ 2014ರ ಜನವರಿಯಲ್ಲಿ ಬಂದು ನಿಂತದ್ದು ಕಾರವಾರದ ‘ಐಎನ್‌ಎಸ್ ಕದಂಬ’ ನೆಲೆಯಲ್ಲಿ. ಬನವಾಸಿಯ ಕದಂಬರ ಹೆಸರು ಹೊತ್ತ ಆ ನೆಲೆಗಾಗಿ ಉತ್ತರ ಕನ್ನಡದ ಎಷ್ಟೋ ಮೀನುಗಾರ, ರೈತ ಕುಟುಂಬಗಳು ಮನೆ, ತೋಟ, ಕಡಲ ದಂಡೆ ಬಿಟ್ಟುಕೊಟ್ಟಿವೆ. ಬೆಂಗಾವಲು ಅಂದರೆ ಅದೂ ಒಂದು. ರಜೆಯಲ್ಲಿ ಊರಿಗೆ ಹೋಗುವಾಗ ಕರಾವಳಿ ದಾರಿ ಹಿಡಿದರೆ, ಕಾರವಾರದ ಟಾಗೋರ್ ಕಡಲತೀರದಲ್ಲಿ ಇಳಿಯಿರಿ. ಅಲ್ಲಿ ‘ಚಪಲ್’ ಎಂಬ ನಿವೃತ್ತ ಕ್ಷಿಪಣಿ ನೌಕೆಯನ್ನು ಜನ ನೋಡಲೆಂದು ಇಟ್ಟಿದ್ದಾರೆ. ಮಕ್ಕಳನ್ನು ಅದರೊಳಗೆ ಹತ್ತಿಸಿ. ಇಕ್ಕಟ್ಟಿನ ಏಣಿ ಇಳಿದು ಕೆಳಗಿನ ಕೋಣೆಗಳನ್ನು ಅವರು ನೋಡಲಿ. ಟಿಕೆಟ್ ಕೊಂಡು ನೋಡುವವರು ಇದ್ದರೆ, ಉಳಿದಿರುವ ಈ ಒಂದಾದರೂ ಉಳಿಯುತ್ತದೆ.